ಮನಸ್ಸು ಒಪ್ಪುವ ಮೊದಲೇ ಕೈಗೊಂದು ಕೆಲಸ: ಖಿನ್ನತೆಗಾಗಿ ರೂಪಿಸಿದ ದಿನಚರಿ ಆ್ಯಪ್

ಖಿನ್ನತೆಯಿಂದ ಬಳಲುತ್ತಿರುವವರಿಗೆಂದು ಮೊಬೈಲಿನಲ್ಲಿ ದೊರೆಯುವ ಹಲವು ಆ್ಯಪ್‌ಗಳು ‘ಈಗ ನಿಮ್ಮ ಮನಸ್ಸು ಹೇಗಿದೆ?’ ಎಂದು ಕೇಳಿ, ನಾಲ್ಕೈದು ಮುಖಗಳ ಚಿತ್ರ ತೋರಿಸಿ, ಒಂದನ್ನು ಒತ್ತಿಸಿಕೊಂಡು ಸುಮ್ಮನಾಗುತ್ತವೆ. ಹಾಸಿಗೆಯಿಂದ ಏಳುವುದೇ ದೊಡ್ಡ ಕೆಲಸವಾಗಿರುವ ಬೆಳಗಿನಲ್ಲಿ ಈ ಪ್ರಶ್ನೆಯಿಂದ ಯಾವ ಪ್ರಯೋಜನವೂ ಇಲ್ಲ; ಮನಸ್ಸು ಹೇಗಿದೆಯೆಂಬುದು ರೋಗಿಗೆ ಬೇಕಾದಷ್ಟು ಗೊತ್ತಿರುತ್ತದೆ. ಆಪ್ತಸಮಾಲೋಚಕರ ಸಲಹೆಯಂತೆ ಕೆಲವು ತಿಂಗಳುಗಳಿಂದ ನಾನು ಬಳಸುತ್ತಿರುವ ಈ ದಿನಚರಿ ಆ್ಯಪ್ ಮಾತ್ರ ಮುಂದಿನ ಒಂದು ಗಂಟೆಯಲ್ಲಿ ಏನು ಮಾಡುತ್ತೀರಿ ಎಂಬ ಪ್ರಶ್ನೆಯಿಂದ ಆರಂಭವಾಗುತ್ತದೆ, ಮತ್ತು ಅದರ ಬಹುಪಾಲು ಯೋಗ್ಯತೆ ಈ ಒಂದು ಆಯ್ಕೆಯಲ್ಲಿಯೇ ಇದೆ.

ಇದಕ್ಕೆ ಆಧಾರವಾಗಿರುವುದು ‘ಬಿಹೇವಿಯರಲ್ ಆಕ್ಟಿವೇಶನ್’ ಎಂಬ ಚಿಕಿತ್ಸಾಕ್ರಮ. ಉತ್ಸಾಹವಿಲ್ಲದ್ದರಿಂದ ಕೆಲಸ ಬಿಡುತ್ತೇವೆ, ಕೆಲಸ ಬಿಟ್ಟದ್ದರಿಂದ ಸಂತೋಷ ಕೊಡುವ ಅನುಭವಗಳು ಕಡಿಮೆಯಾಗುತ್ತವೆ, ಅದರಿಂದ ಇದ್ದಬದ್ದ ಉತ್ಸಾಹವೂ ಹೋಗುತ್ತದೆ ಎಂಬ ಸುತ್ತನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್ಸನ್ 1970ರ ದಶಕದಲ್ಲಿಯೇ ವಿವರಿಸಿದ್ದರು. ಉತ್ಸಾಹ ಬರಲೆಂದು ಕಾಯದೆ, ಮೊದಲು ಸಣ್ಣದೊಂದು ಚಟುವಟಿಕೆಯನ್ನು ನಿಗದಿತ ಹೊತ್ತಿಗೆ ಮಾಡಿಬಿಡುವುದು ಈ ಕ್ರಮದ ತಿರುಳು. ಹೀಗೆ ಕೇಳಿದಾಗ ಯಾರಾದರೂ ಕೊಡಬಹುದಾದ ಬುದ್ಧಿಮಾತಿನಂತೆ ಕಾಣುತ್ತದೆ. ಆದರೆ 440 ಜನರನ್ನು ಒಳಗೊಂಡು 2016ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದರ ಫಲಿತಾಂಶ ಪರಿಣತ ಚಿಕಿತ್ಸಕರು ನೀಡುವ, ಯೋಚನೆ ಮತ್ತು ನಡವಳಿಕೆಯ ರೀತಿಯನ್ನು ಬದಲಿಸುವ ಮಾತಿನ ಚಿಕಿತ್ಸೆಯಾದ ಸಿಬಿಟಿಗಿಂತ ಕಡಿಮೆಯೇನೂ ಇರಲಿಲ್ಲ.

ಆ್ಯಪ್‌ನಲ್ಲಿ ‘ಸ್ನಾನ’ ಎಂದು ಬರೆದರೆ, ಅದನ್ನು ಇನ್ನೂ ಚಿಕ್ಕದು ಮಾಡಬಹುದೇ ಎಂದು ಅದು ಕೇಳುತ್ತದೆ. ಎದ್ದು ಕೂರುವುದು, ಟವೆಲ್ ಕೈಗೆತ್ತಿಕೊಳ್ಳುವುದು, ಬಚ್ಚಲುಮನೆಯವರೆಗೆ ನಡೆಯುವುದು ಎಂದು ಒಡೆದು ಬರೆದ ಮೇಲೆ ಪ್ರತಿ ಹೆಜ್ಜೆಗೂ ಪ್ರತ್ಯೇಕ ಗುರುತು ಹಾಕಬಹುದು. ಟವೆಲ್ ಹಿಡಿದು ಮತ್ತೆ ಮಲಗಿದರೂ ಎರಡು ಹೆಜ್ಜೆ ದಾಖಲಾಗಿಯೇ ಇರುತ್ತವೆ. ಇದಕ್ಕಿಂತಲೂ ನನಗೆ ಉಪಯೋಗಕ್ಕೆ ಬಂದದ್ದು ಊಹೆಯ ಅಂಕಣ. ಕೆಲಸಕ್ಕೆ ಮುನ್ನ ಅದರಿಂದ ಎಷ್ಟು ಸಮಾಧಾನ ಸಿಗಬಹುದೆಂದು 0ಯಿಂದ 10ರೊಳಗೆ ಒಂದು ಅಂಕ ಬರೆಯಬೇಕು, ಮುಗಿದ ಮೇಲೆ ನಿಜವಾಗಿ ಸಿಕ್ಕದ್ದೆಷ್ಟೆಂದು ಬರೆಯಬೇಕು. ಹಳೆಯ ಗೆಳತಿಗೆ ಫೋನ್ ಮಾಡುವ ಮುನ್ನ 1 ಎಂದು ಬರೆದಿದ್ದೆ. ಮಾತು ಮುಗಿಸಿದಾಗ 4 ಬರೆದೆ. ನಾಲ್ಕು ದೊಡ್ಡ ಅಂಕವಲ್ಲ, ಆದರೆ ‘ಏನು ಮಾಡಿದರೂ ಅಷ್ಟೇ’ ಎಂದು ಹೇಳುತ್ತಿದ್ದ ಮನಸ್ಸಿನ ಲೆಕ್ಕ ತಪ್ಪೆಂಬುದು ನನ್ನದೇ ಬರಹದಲ್ಲಿ ಕಣ್ಣೆದುರಿಗಿತ್ತು. ಖಿನ್ನತೆಯಲ್ಲಿ ನೆನಪು ಕಹಿಯ ಕಡೆಗೇ ವಾಲುವುದರಿಂದ, ವಾರದ ಕೊನೆಯಲ್ಲಿ ಏನೂ ಮಾಡಲಿಲ್ಲವೆಂದು ಅನ್ನಿಸುವಾಗ ಈ ದಾಖಲೆಯ ಬೆಲೆ ತಿಳಿಯುತ್ತದೆ.

ಎರಡು ವಾರಕ್ಕೊಮ್ಮೆ ಆ್ಯಪ್ ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ಮುಂದಿಡುತ್ತದೆ. ಒಂಬತ್ತು ಪ್ರಶ್ನೆಗಳು, ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಇದು ರೋಗನಿರ್ಣಯವಲ್ಲ, ತೀವ್ರತೆಯ ಅಂದಾಜು ಮಾತ್ರ ಎಂದು ಮೊದಲೇ ಸ್ಪಷ್ಟಪಡಿಸಿರುವುದು ಸರಿಯಾಗಿದೆ. ಸಾವಿನ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ ಕೇಳುವ ಒಂಬತ್ತನೆಯ ಪ್ರಶ್ನೆಗೆ ‘ಇಲ್ಲವೇ ಇಲ್ಲ’ ಎಂಬುದನ್ನು ಬಿಟ್ಟು ಬೇರೆ ಯಾವ ಉತ್ತರ ಕೊಟ್ಟರೂ, ಅಂಕ ತೋರಿಸುವುದಕ್ಕೂ ಮೊದಲು ಸಹಾಯವಾಣಿಯ ಸಂಖ್ಯೆಯನ್ನೂ ನಾವು ಮೊದಲೇ ಸೇರಿಸಿಟ್ಟ ಆಪ್ತರ ಸಂಖ್ಯೆಯನ್ನೂ ಅದು ತೆರೆಯುತ್ತದೆ. ಇಂತಹ ಆ್ಯಪ್ ಆರಿಸುವವರು ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ. ಈ ಉತ್ತರವನ್ನೂ ಬರೀ ಒಂದು ಅಂಕವಾಗಿ ಕೂಡಿಸಿ ಮುಂದೆ ಸಾಗುವ ಆ್ಯಪ್ ಇದ್ದರೆ ಅದನ್ನು ಇಟ್ಟುಕೊಳ್ಳುವುದು ಬೇಡ.

ನನ್ನ ದೊಡ್ಡ ಆಕ್ಷೇಪವಿರುವುದು ‘ಸತತ ದಿನಗಳು’ ಎಂಬ ಎಣಿಕೆಯ ಬಗ್ಗೆ. ಒಂದು ದಿನ ಆ್ಯಪ್ ತೆರೆಯದಿದ್ದರೆ ಎಣಿಕೆ ಸೊನ್ನೆಗೆ ಇಳಿಯುತ್ತದೆ, ಮರುದಿನ ‘ನಿಮ್ಮ ಸರಣಿ ಮುರಿದಿದೆ’ ಎಂಬ ನೋಟಿಫಿಕೇಶನ್ ಬರುತ್ತದೆ. ಭಾಷೆ ಕಲಿಸುವ ಆ್ಯಪ್‌ಗಾದರೆ ಇದು ನಡೆದೀತು. ತನ್ನನ್ನೇ ತಾನು ದೂಷಿಸಿಕೊಳ್ಳುವುದು ರೋಗದ ಲಕ್ಷಣವೇ ಆಗಿರುವಾಗ, ಅತ್ಯಂತ ಕೆಟ್ಟ ದಿನವನ್ನು ಹೇಗೋ ದಾಟಿ ಬಂದವರ ಎದುರು ಸೊನ್ನೆಯನ್ನು ಹಿಡಿಯುವುದು ಕ್ರೂರವಾದ ವಿನ್ಯಾಸ. ತಪ್ಪಿಹೋದ ದಿನವನ್ನು ಖಾಲಿ ಬಿಟ್ಟು, ಹಿಂದಿನ ದಾಖಲೆಯನ್ನು ಇದ್ದಂತೆಯೇ ಮುಂದುವರಿಸಿದ್ದರೆ ಸಾಕಿತ್ತು.

ಔಷಧದ ಜ್ಞಾಪನೆ ಎಲ್ಲ ಆ್ಯಪ್‌ಗಳಲ್ಲಿರುವಂಥದ್ದೇ. ಆದರೂ ಖಿನ್ನತೆಯ ಮಾತ್ರೆಗಳ ಪರಿಣಾಮ ಗೊತ್ತಾಗಲು ಕೆಲವು ವಾರಗಳು ಬೇಕೆಂದೂ, ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದೆಂದೂ ಅದರ ಕೆಳಗೆ ಬರೆದಿರುವುದು ಒಳ್ಳೆಯದಾಯಿತು. ತಿಂಗಳ ವರದಿಯನ್ನು ಒಂದೇ ಪುಟದಲ್ಲಿ ಮುದ್ರಿಸಿಕೊಳ್ಳಬಹುದಾದ್ದರಿಂದ, ಮನೋವೈದ್ಯರ ಎದುರು ಕುಳಿತಾಗ ಮಾತು ಹೊರಡದವರಿಗೂ ನಿದ್ದೆ, ಹಸಿವು, ಚಟುವಟಿಕೆಗಳ ವಿವರ ಕೊಡುವುದು ಸುಲಭವಾಗುತ್ತದೆ.

ಈಗಾಗಲೇ ಚಿಕಿತ್ಸೆಯಲ್ಲಿರುವವರಿಗೆ, ಅದರಲ್ಲಿಯೂ ಎರಡು ಭೇಟಿಗಳ ನಡುವಿನ ದಿನಗಳನ್ನು ಸಾಗಿಸುವುದು ಕಷ್ಟವೆನಿಸುವವರಿಗೆ ನಾನು ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಚಿಕಿತ್ಸೆಯ ಬದಲಿಗೆ ಬಳಸಲು ಖಂಡಿತ ಅಲ್ಲ. ಹಾಕಿಕೊಂಡ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ‘ಸತತ ದಿನಗಳು’ ಆಯ್ಕೆಯನ್ನು ಆಫ್ ಮಾಡಿ, ಸಹಾಯಕ್ಕೆ ಬರುವ ಆಪ್ತರೊಬ್ಬರ ಸಂಖ್ಯೆಯನ್ನು ಅವರಿಗೆ ತಿಳಿಸಿಯೇ ಸೇರಿಸಿಡಿ.