ನೆಟ್‌ಫ್ಲಿಕ್ಸಲ್ಲಿ ಡಬ್ಲ್ಯೂಡಬ್ಲ್ಯೂಇ: ದುಡ್ಡಿಗೆ ಮೋಸ ಇಲ್ಲ, ಕನ್ನಡ ಒಂದು ಬೇಕು

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಎಲ್ಲಿ ಕಮ್ಮಿ ಆಯ್ತು ಅಂತ ಓದ್ತಾ ಹೋದ್ರೆ ಗೊತ್ತಾಗತ್ತೆ, ಸ್ವಲ್ಪ ಉದ್ದ ಇದೆ, ಕುಸ್ತಿ ವಿಷ್ಯ ಎತ್ತಿದ್ರೆ ನಂಗೆ ಎರಡು ಲೈನಲ್ಲಿ ಮುಗ್ಸಕ್ಕಾಗಲ್ಲ.

2025ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಡಬ್ಲ್ಯೂಡಬ್ಲ್ಯೂಇ, ಅಂದ್ರೆ ಅಮೆರಿಕಾದ ಟಿವಿ ಕುಸ್ತಿ, ನೆಟ್‌ಫ್ಲಿಕ್ಸಿಗೆ ಬಂತು. ರಾ, ಸ್ಮ್ಯಾಕ್‌ಡೌನ್, ಎನ್‌ಎಕ್ಸ್‌ಟಿ ಅನ್ನೋ ವಾರವಾರದ ಶೋಗಳು, ರೆಸಲ್‌ಮೇನಿಯಾ ತರದ ದೊಡ್ಡ ಶೋಗಳು, ಎಲ್ಲಾ ಒಂದೇ ಕಡೆ. ಅದಕ್ಕೆ ಮುಂಚೆ ಸೋನಿ, ಅದಕ್ಕೂ ಮುಂಚೆ ಟೆನ್ ಸ್ಪೋರ್ಟ್ಸ್. ನಾನು ಶುರು ಮಾಡಿದ್ದು ಟೆನ್ ಸ್ಪೋರ್ಟ್ಸ್ ಕಾಲದಲ್ಲಿ, ಮೈಸೂರಲ್ಲಿ, ನಮ್ ಬೀದಿಲಿ ಒಬ್ಬರ ಮನೇಲಿ ಮಾತ್ರ ಆ ಚಾನೆಲ್ ಬರ್ತಿತ್ತು, ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಹತ್ತು ಹನ್ನೆರಡು ಹುಡುಗ್ರು ನೆಲದ ಮೇಲೆ ಸಾಲಾಗಿ ಕೂತ್ಕೊಂಡು ನೋಡೋದು. ಸ್ಕೂಲ್ ಬ್ಯಾಗಲ್ಲಿ ಈ ಕುಸ್ತಿಯೋರ ಫೋಟೋ ಇರೋ ಟ್ರಂಪ್ ಕಾರ್ಡ್. ಎತ್ತರ, ತೂಕ, ಎದೆ, ಬೈಸೆಪ್ಸ್, ರ‍್ಯಾಂಕ್ ಅಂತ ಆಡೋದು, ಬಿಗ್ ಶೋ ಕಾರ್ಡ್ ಕೈಗೆ ಬಂದ್ರೆ ತೂಕ ಅಂತ ಕೂಗಿದ್ರೆ ಸಾಕು, ಎದ್ರುಗಡೆ ಇರೋನು ಸುಮ್ನೆ ಕಾರ್ಡ್ ಕೊಟ್ಬಿಡ್ತಿದ್ದ. ಅಂಡರ್‌ಟೇಕರ್ ಕಾರ್ಡ್ ಮಾತ್ರ ಯಾರೂ ಯಾರಿಗೂ ಕೊಡ್ತಿರ್ಲಿಲ್ಲ, ಸೋತ್ರೂ ಅಷ್ಟೇ, ಆಟ ಕೆಡಿಸ್ಕೊಂಡು ಎದ್ದು ಹೋಗ್ತಿದ್ರು.

ನೆಟ್‌ಫ್ಲಿಕ್ಸಿಗೆ ಬರೋಕೆ ಮುಂಚೆ ನನ್ ಪರಿಸ್ಥಿತಿ ಹೆಂಗಿತ್ತು ಅಂತ ಹೇಳ್ಬೇಕು. ಕೇಬಲ್‌ನೋರು ಸ್ಪೋರ್ಟ್ಸ್ ಪ್ಯಾಕ್ ಬೇರೆ ದುಡ್ಡು ಅಂದ್ರು, ಕೊಟ್ಟೆ, ಎರಡು ತಿಂಗಳು ಬಂತು, ಒಂದು ಮಂಗಳವಾರ ಬೆಳಗ್ಗೆ ಎದ್ದು ಟಿವಿ ಹಾಕಿದ್ರೆ ಚಾನೆಲ್ಲೇ ಇಲ್ಲ. ಫೋನ್ ಮಾಡಿದ್ರೆ ನಾಳೆ ಹುಡುಗನ್ನ ಕಳಿಸ್ತೀನಿ ಅಂತಾರೆ, ಆ ನಾಳೆ ಬರೋಷ್ಟರಲ್ಲಿ ಆ ವಾರದ ರಾ ಯಾರು ಗೆದ್ದರು ಅಂತ ಎಲ್ಲಾ ಕಡೆ ಓದಾಗಿರತ್ತೆ. ಈಗ ಆ ತಲೆನೋವಿಲ್ಲ. ಲೈವ್ ತಪ್ಪಿದ್ರೆ ಸಾಯಂಕಾಲ ಕೆಲ್ಸದಿಂದ ಬಂದು ಮೊದಲಿಂದ ನೋಡ್ಬೋದು. ರಾ ಬರೋದು ಸೋಮವಾರ ರಾತ್ರಿ, ಅಮೆರಿಕಾದ ಪೂರ್ವದ ಕಡೆ ಎಂಟು ಗಂಟೆ ಅಂದ್ರೆ ನಮಗೆ ಮಂಗಳವಾರ ಬೆಳಗ್ಗೆ ಐದೂವರೆ, ಅವರಿಗೆ ಚಳಿಗಾಲ ಬಂದ್ರೆ ಆರೂವರೆ, ಸ್ಮ್ಯಾಕ್‌ಡೌನ್ ಶನಿವಾರ ಬೆಳಗ್ಗೆ. ಶಿಫ್ಟ್ ಕೆಲ್ಸ ಮಾಡೋರಿಗೆ, ಅಂಗಡಿ ಬಾಗಿಲು ತೆಗೆಯೋರಿಗೆ ಲೈವ್ ನೋಡೋದು ಕಷ್ಟಾನೇ, ಅದಕ್ಕೆ ಸಾಯಂಕಾಲ ಸಿಗೋದು ದೊಡ್ಡ ಅನುಕೂಲ.

ಪ್ಲಾನ್ ವಿಷ್ಯ. ನಾನು ತಗೊಂಡಾಗ ಮೊಬೈಲ್ ಪ್ಲಾನ್ 149, ಬೇಸಿಕ್ 199, ಸ್ಟ್ಯಾಂಡರ್ಡ್ 499, ಪ್ರೀಮಿಯಂ 649 ಇತ್ತು. 149ರದ್ದು ಟಿವಿಗೆ ಹಾಕಕ್ಕಾಗಲ್ಲ, ಫೋನು ಟ್ಯಾಬಲ್ಲೇ ನೋಡ್ಬೇಕು, ಕುಸ್ತಿ ಅಷ್ಟು ಚಿಕ್ಕ ಸ್ಕ್ರೀನಲ್ಲಿ ನೋಡಿದ್ರೆ ಅರ್ಧ ಮಜಾ ಹೋಗತ್ತೆ. 199ರದ್ದು ಒಂದೇ ಸ್ಕ್ರೀನ್, ಆದ್ರೆ ಟಿವಿಗೆ ಬರತ್ತೆ. ನಮ್ಮನೇಲಿ ಎಲ್ಲಾ ಒಟ್ಟಿಗೆ ಕೂತು ನೋಡೋದ್ರಿಂದ ಇದೇ ಸಾಕಾಯ್ತು.

ಈಗ ಅಸಲಿ ವಿಷ್ಯ. 2025ರ ಏಪ್ರಿಲಲ್ಲಿ ಲಾಸ್ ವೇಗಸ್‌ನಲ್ಲಿ ರೆಸಲ್‌ಮೇನಿಯಾ 41 ಆಯ್ತಲ್ಲ, ಎರಡನೇ ದಿನದ್ದು ನಮಗೆ ಸೋಮವಾರ ಬೆಳಗಿನ ಜಾವ ನಾಲ್ಕೂವರೆಗೆ. ನಾನು ನನ್ ಮಗಳು ಇಬ್ರೂ ಎದ್ವಿ, ನಮ್ ಮನೆಯವ್ರು ಬೈಕೊಂಡೇ ಕಾಫಿ ಕೊಟ್ರು. ಮೊದಲನೇ ಮ್ಯಾಚೇ ಇಯೋ ಸ್ಕೈ, ರಿಯಾ ರಿಪ್ಲಿ, ಬಿಯಾಂಕಾ ಬೆಲೇರ್ ಮೂರು ಜನ ಹೆಂಗಸರ ಮ್ಯಾಚು, ಇಯೋ ಸ್ಕೈ ಚಾಂಪಿಯನ್ ಬೆಲ್ಟ್ ಉಳಿಸ್ಕೊಂಡ್ಲು, ನನ್ ಪ್ರಕಾರ ಎರಡೂ ದಿನ ಸೇರಿಸಿ ಅದಕ್ಕಿಂತ ಒಳ್ಳೇ ಮ್ಯಾಚ್ ಬರ್ಲಿಲ್ಲ. ಕೊನೆಗೆ ಜಾನ್ ಸೀನಾ ಮೋಸದಿಂದ ಕೋಡಿ ರೋಡ್ಸನ್ನ ಸೋಲಿಸಿ 17ನೇ ಸಲ ಚಾಂಪಿಯನ್ ಆದ, ನಾನು ಸ್ಕೂಲಲ್ಲಿ ಇದ್ದಾಗಿಂದ ಒಳ್ಳೆಯವನಾಗಿದ್ದ ಮನುಷ್ಯ ಕಣ್ಮುಂದೆ ಬೆಲ್ಟಲ್ಲಿ ತಲೆಗೆ ಹೊಡೆದು ಗೆಲ್ಲೋದು ನೋಡಿ ನಿಜವಾಗ್ಲೂ ಹೊಟ್ಟೆ ಒಳಗೆ ಏನೋ ಆಯ್ತು. ಅದೇ ವರ್ಷ ಡಿಸೆಂಬರ್ 13ಕ್ಕೆ ವಾಷಿಂಗ್ಟನ್ನಲ್ಲಿ ಅವನ ಕೊನೇ ಮ್ಯಾಚು, ಗುಂಥರ್ ಕತ್ತು ಹಿಡಿದ, ಇವನು ಬಿಡಿಸ್ಕೊಳಕ್ಕಾಗದೆ ಕೈ ತಟ್ಟಿ ಸೋಲು ಒಪ್ಕೊಂಡ. 2002ರಿಂದ 2025ರವರೆಗೆ, 23 ವರ್ಷ. ಅದರಲ್ಲಿ ನನ್ ಹೈಸ್ಕೂಲು, ಕಾಲೇಜು, ಮೊದಲ ಕೆಲ್ಸ, ಮದ್ವೆ, ಮಗು ಎಲ್ಲಾ ಬಂದು ಹೋಯ್ತು. ಅಳು ಬಂತು, ಹೇಳಕ್ಕೆ ನಾಚಿಕೆ ಏನಿಲ್ಲ.

ಇದನ್ನ ಹೇಳಿದ್ರೆ ಎಲ್ರೂ ಒಂದೇ ಪ್ರಶ್ನೆ ಕೇಳೋದು, ಅದೆಲ್ಲಾ ಮೊದ್ಲೇ ಫಿಕ್ಸ್ ಅಲ್ವಾ ಅಂತ. ನಮ್ ತಾತಾನೂ ಹಂಗೇ ಅಂತಿದ್ರು, ಅದು ನಾಟ್ಕ ಕಣ್ಲಾ ಮಗ, ಬಿದ್ದೋನು ಅಮೇಲೆ ಎದ್ದು ಮನೆಗೆ ಹೋಯ್ತಾನೆ ಅಂತ. ಹೌದು ನಾಟಕಾನೇ. ನಮ್ ಕಡೆ ಹಳ್ಳೀಲಿ ಹಬ್ಬಕ್ಕೆ ಕುರುಕ್ಷೇತ್ರ ನಾಟಕ ಹಾಕ್ತಾರಲ್ಲ, ರಾತ್ರಿ ಶುರುವಾಗಿ ಗದಾಯುದ್ಧ ಬರೋ ಹೊತ್ತಿಗೆ ಕೋಳಿ ಕೂಗಿರತ್ತೆ, ಕಂಬಳಿ ಹೊದ್ಕೊಂಡು ಕೂತಿರೋ ಒಬ್ರಿಗಾದ್ರೂ ಭೀಮ ಗೆಲ್ತಾನೆ ಅಂತ ಗೊತ್ತಿಲ್ವಾ? ಆದ್ರೂ ದುರ್ಯೋಧನನ ತೊಡೆ ಮುರಿಯೋವರೆಗೆ ಯಾರೂ ಏಳಲ್ಲ. ಪಾತ್ರ ಹಾಕಿದೋನು ಹೆಂಗೆ ಮಾಡ್ತಾನೆ ಅಂತ ನೋಡಕ್ಕೆ ಕೂತಿರ್ತಾರೆ. ಬೆಳಗಿನ ಜಾವ ಎದ್ದು ರೆಸಲ್‌ಮೇನಿಯಾ ನೋಡೋದು ನಂಗೆ ಅದೇ ತರ ಅನ್ಸತ್ತೆ, ಮತ್ತೆ ಮೇಲಿಂದ ಬೀಳೋದು, ಬೆನ್ನು ಮುರ್ಕೊಳೋದು, ಮಂಡಿ ಆಪರೇಷನ್ ಇದ್ಯಾವ್ದೂ ನಾಟಕ ಅಲ್ಲ.

ಡಬ್ಲ್ಯೂಡಬ್ಲ್ಯೂಇ ಒಂದು ವಿಷ್ಯದಲ್ಲಿ ಎಲ್ರಿಗಿಂತ ಮುಂದೆ ಇದೆ. ಒಬ್ಬ ಮನುಷ್ಯನ್ನ ವರ್ಷಗಟ್ಟಲೆ ನಮ್ ಕಣ್ಮುಂದೆ ಇಟ್ಟಿರ್ತಾರೆ. ರೋಮನ್ ರೇನ್ಸ್ 1,316 ದಿನ ಬೆಲ್ಟ್ ಹಿಡ್ಕೊಂಡಿದ್ದ, ಅವನನ್ನ 2024ರ ಏಪ್ರಿಲಲ್ಲಿ ಕೋಡಿ ಸೋಲಿಸಿದಾಗ ನಾವೂ ಅಷ್ಟೂ ದಿನ ಕಾದಂಗಿತ್ತು. ನಮ್ ಊರಿನ ಟೀಮ್‌ಗಳಲ್ಲಿ ನಂಗೆ ಸಿಗದೇ ಇರೋದು ಇದೇ.

ಪ್ರೊ ಕಬಡ್ಡಿಲಿ ನಮ್ ಟೀಮ್ ಬೆಂಗಳೂರು ಬುಲ್ಸ್ ತಗೊಳಿ. 2019ರ ಜನವರಿ 5, ಮುಂಬೈಲಿ ಫೈನಲ್, ಗುಜರಾತ್ ಮೇಲೆ ಹಾಫ್ ಟೈಮಲ್ಲಿ ನಾವು ಹಿಂದೆ, ಅಲ್ಲಿಂದ ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದು 38-33ಕ್ಕೆ ಕಪ್ ಗೆಲ್ಲಿಸಿದ. ಫುಲ್ ಚಾರ್ಜೂ ಮಗಾ ಅಂತ ಆವತ್ತು ನಮ್ ಬೀದಿಲೆಲ್ಲಾ ಕೂಗಿದ್ದು. ದೆಹಲಿ ಹುಡುಗ ಅಂತ ಯಾರಿಗೂ ಅನ್ಸಲೇ ಇಲ್ಲ, ನಮ್ಮನೆ ಹುಡುಗ ಆಗ್ಬಿಟ್ಟಿದ್ದ. 2022ರ ಹರಾಜಲ್ಲಿ 2.26 ಕೋಟಿಗೆ ತಮಿಳ್ ತಲೈವಾಸ್, ಅದರ ಮುಂದಿನ ವರ್ಷ ತೆಲುಗು ಟೈಟನ್ಸ್. ಅವನ ತಪ್ಪಿಲ್ಲ, ಆಟಗಾರನಿಗೆ ದುಡೀಬೇಕಾದ ವರ್ಷ ಕಮ್ಮಿ ಇರತ್ತೆ. ಆದ್ರೆ ಟೀಮ್ ಇಷ್ಟಪಟ್ಟಿದ್ದ ನಾವು ಯಾರನ್ನ ಹಿಡ್ಕೊಬೇಕು? 11ನೇ ಸೀಸನಲ್ಲಿ ಎರಡೇ ಮ್ಯಾಚ್ ಗೆದ್ದು ಕೊನೇ ಜಾಗಕ್ಕೆ ಬಂದ್ವಿ. ಆ ಸೀಸನ್ ಹೈದರಾಬಾದ್, ನೋಯ್ಡಾ, ಪುಣೆಲಿ ನಡೀತು, 12ನೇದು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ. ಬೆಂಗಳೂರ ಹೆಸರಿಟ್ಕೊಂಡಿರೋ ಟೀಮಿಗೆ ಬೆಂಗಳೂರಲ್ಲೇ ಮ್ಯಾಚಿಲ್ಲ. 2023ರ ಡಿಸೆಂಬರಲ್ಲಿ ಕಂಠೀರವ ಇಂಡೋರಲ್ಲಿ ಆಡಿದ್ದೇ ನಾನು ಕಂಡ ಕೊನೇ ಹೋಮ್ ಮ್ಯಾಚುಗಳು. ಕಬಡ್ಡಿ ಜಾಗದಲ್ಲಿ ಕೂತು ನೋಡೋ ಆಟ, ಹಿಡಿದಾಗ ಮ್ಯಾಟಿನ ಸದ್ದು ಎದೆಗೆ ಬಡೀಬೇಕು. ನಮ್ಮೋರೇ ಆದ ಬಿ.ಸಿ. ರಮೇಶ್ 12ನೇ ಸೀಸನ್ನಿಗೆ ಕೋಚಾಗಿ ಬಂದಾಗ ಮಾತ್ರ ಮನಸ್ಸಿಗೆ ಸ್ವಲ್ಪ ಸಮಾಧಾನ ಆಯ್ತು.

ಆರ್‌ಸಿಬಿ ನೋಡಿ, ಅಲ್ಲಿ ಯಾಕೆ ಜನ 18 ವರ್ಷ ಬಿಡದೇ ಕೂತಿದ್ರು? ಸೋತ್ರೂ, 49ಕ್ಕೆ ಆಲೌಟ್ ಆದ್ರೂ. ಕೊಹ್ಲಿ 2008ರಿಂದ ಅಲ್ಲೇ ಇದ್ರು, ಅದಕ್ಕೆ. 2025ರ ಜೂನ್ 3ಕ್ಕೆ ಅಹಮದಾಬಾದಲ್ಲಿ ಪಂಜಾಬ್ ಮೇಲೆ 6 ರನ್ನಲ್ಲಿ ಗೆದ್ದಾಗ ಕೊನೇ ಓವರ್ ಮುಗಿಯೋಕೆ ಮುಂಚೇನೇ ಅವರ ಕಣ್ಣಲ್ಲಿ ನೀರು ಬಂತಲ್ಲ, ಅದನ್ನ ಯಾವ ರೈಟರೂ ಬರೆಯಕ್ಕಾಗಲ್ಲ. ಮಾರನೇ ದಿನ ಚಿನ್ನಸ್ವಾಮಿ ಹತ್ರ ಕಾಲ್ತುಳಿತದಲ್ಲಿ 11 ಜನ ಸತ್ರು. ನಮ್ ತರಾನೇ ಕಪ್ ನೋಡಕ್ಕೆ ಹೋದೋರು. ಆ ಗೆಲುವು ನೆನೆಸ್ಕೊಂಡಾಗೆಲ್ಲಾ ಅವರೂ ನೆನಪಾಗ್ತಾರೆ. ಅದಕ್ಕೆ ಮುಂಚೆ 2024ರಲ್ಲಿ ಮೊದಲ ಕಪ್ ತಂದಿದ್ದು ನಮ್ ಹುಡುಗೀರು, ಫೈನಲಲ್ಲಿ ನಮ್ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್. ನನ್ ಮಗಳು ಆ ಮ್ಯಾಚಿನ ಹೈಲೈಟ್ಸ್ ಈಗ್ಲೂ ಹಾಕ್ಕೊಂಡು ನೋಡ್ತಾಳೆ.

ಮೈಸೂರ್ ವಾರಿಯರ್ಸ್ ಬಗ್ಗೆ ಎರಡು ಮಾತು, ನಮ್ಮೂರ ಹೆಸರಿನ ಟೀಮು. ನಮ್ ರಾಜ್ಯದ ಟಿ20 ಕ್ರಿಕೆಟ್ ಟೂರ್ನಿ ಮಹಾರಾಜ ಟ್ರೋಫಿಯ 2024ರ ಫೈನಲಲ್ಲಿ ಬೆಂಗಳೂರು ಬ್ಲಾಸ್ಟರ್ಸನ್ನ 45 ರನ್ನಲ್ಲಿ ಹೊಡೆದ್ರು, ಕರುಣ್ ನಾಯರ್ ಕ್ಯಾಪ್ಟನ್, ಕೊನೇಲಿ ಮನೋಜ್ ಭಾಂಡಗೆ ಬಂದು 13 ಬಾಲಲ್ಲಿ 44. ಆ ಕಪ್ಪಿಗೆ ಸಿಗಬೇಕಾದಷ್ಟು ಪ್ರಚಾರ ಸಿಗ್ಲಿಲ್ಲ.

ಈಗ ಆ ಕಮ್ಮಿ ಆದ ಒಂದು ಸ್ಟಾರ್. ಕನ್ನಡ. ಸ್ಟಾರ್ ಸ್ಪೋರ್ಟ್ಸಲ್ಲಿ ಕಬಡ್ಡಿ, ಕ್ರಿಕೆಟ್ ಕನ್ನಡದಲ್ಲಿ ಬರಕ್ಕೆ ಶುರುವಾದ್ಮೇಲೆ ನಮ್ಮನೇಲಿ ಏನಾಯ್ತು ಅಂತ ಹೇಳ್ತೀನಿ. ನಮ್ಮಮ್ಮ ಅಡಿಗೆ ಮನೆಯಿಂದಾನೇ ಯಾರು ಔಟಾದ್ರು ಅಂತ ಹೇಳಕ್ಕೆ ಶುರು ಮಾಡಿದ್ರು. ಬೋನಸ್ ಹೆಂಗೆ ಬರತ್ತೆ, ಸೂಪರ್ ಟ್ಯಾಕಲ್‌ಗೆ ಯಾಕೆ ಎರಡು ಪಾಯಿಂಟು, ಲೋನಾ ಅಂದ್ರೇನು, ಎಲ್ಲಾ ಕಿವೀಲೇ ಕಲ್ತರು, ಈಗ ರೈಡರ್ ಲೈನ್ ಮುಟ್ಟದೆ ವಾಪಸ್ ಬಂದ್ರೆ ಕಾಮೆಂಟರಿಯವರಿಗಿಂತ ಮುಂಚೆ ಅವರೇ ಬೈತಾರೆ. ಅದೇ ಅಮ್ಮ ಡಬ್ಲ್ಯೂಡಬ್ಲ್ಯೂಇ ಹಾಕಿದ್ರೆ ಪಕ್ಕದಲ್ಲಿ ಕೂತು ಬರೀ ಜಗಳ ನೋಡ್ತಾರೆ, ಯಾಕೆ ಜಗಳ ಅಂತ ನಾನು ಹೇಳ್ಬೇಕು. ಈ ಕುಸ್ತಿಲಿ ಅರ್ಧಕ್ಕರ್ಧ ಮಾತೇ, ಮೈಕ್ ಹಿಡ್ಕೊಂಡು ಹತ್ತು ನಿಮಿಷ ಮಾತಾಡ್ತಾರೆ, ಆ ಮಾತು ತಲುಪದಿದ್ರೆ ಆಮೇಲೆ ಬೀಳೋ ಹೊಡೆತಕ್ಕೆ ಅರ್ಥಾನೇ ಇರಲ್ಲ. ಸೋನಿಲಿದ್ದಾಗ ತಮಿಳಲ್ಲಿ, ತೆಲುಗಲ್ಲಿ ಮಾಡಿದ್ದಾರೆ, ಕನ್ನಡದಲ್ಲಿ ಮಾಡಕ್ಕೇನು ಕಷ್ಟ? ಕೇಳೋ ಜನ ಇದ್ದೀವಿ. ಮೈಸೂರು, ದಾವಣಗೆರೆ, ಬೆಳಗಾವಿ, ಧಾರವಾಡ, ಗರಡಿ ಮನೆ ಇರೋ ಊರಲ್ಲಿ ಕುಸ್ತಿ ಬಗ್ಗೆ ಯಾರೂ ಯಾರಿಗೂ ಹೇಳ್ಕೊಡಬೇಕಾಗಿಲ್ಲ.

ಗರಡಿ ಅಂದ್ಮೇಲೆ ದಸರಾ ಕುಸ್ತಿ ಬಿಟ್ಟು ಮುಗ್ಸಕ್ಕಾಗಲ್ಲ. ದೊಡ್ಡಕೆರೆ ಮೈದಾನದ ದೇವರಾಜ ಅರಸು ಸ್ಟೇಡಿಯಮ್ಮಿಗೆ ತಾತ ನನ್ನ ಕರ್ಕೊಂಡು ಹೋಗೋರು. ಪೈಲ್ವಾನ್ರು ಅಖಾಡಕ್ಕೆ ಇಳಿದು ಮಣ್ಣು ಮುಟ್ಟಿ ಹಣೆಗೆ ಒತ್ಕೊಳೋದು, ಎದ್ರಾಳಿ ಮೈಮೇಲೆ ಹಿಡಿ ಮಣ್ಣು ಹಾಕೋದು, ಹಿಡಿತ ಜಾರಬಾರ್ದು ಅಂತ. ಬೆನ್ನು ಮಣ್ಣಿಗೆ ಪೂರ್ತಿ ತಾಗಿ ಚಿತ್ ಆಗೋವರೆಗೂ ತಾತ ಉಸಿರು ಬಿಡ್ತಿರ್ಲಿಲ್ಲ. ಗೆದ್ದೋನು ಗ್ಯಾಲರಿ ಸುತ್ತ ಬಂದಾಗ ಜನ ಹತ್ತು, ಇಪ್ಪತ್ತು, ನೂರು ಕೈಗೆ ಇಡೋರು, ತಾತನೂ ಪಂಚೆ ಗಂಟಿಂದ ಬಿಚ್ಚಿ ಕೊಡೋರು. ಅವರಿಗೆ ಪ್ರತಿ ಪೈಲ್ವಾನನ ಕಥೆ ಗೊತ್ತಿತ್ತು. ಇವ್ನು ಯಾವ ಗರಡಿ, ಉಸ್ತಾದ್ ಯಾರು, ಹೋದ್ಸಲ ಯಾವ ಪಟ್ಟಿಗೆ ಬಿದ್ದ, ಇವ್ರಪ್ಪ ಯಾರನ್ನ ಕೆಡವಿದ್ರು, ಎಲ್ಲಾ. ಪಕ್ಕದಲ್ಲಿ ಕೂತು ಹೇಳ್ತಿದ್ರು, ನಂಗೆ ಸಿಕ್ಕ ಮೊದಲ ಕನ್ನಡ ಕಾಮೆಂಟರಿ ಅದೇ. ಈಗ ತಾತ ಇಲ್ಲ, ಹೋದ್ರೆ ಮೈಕಲ್ಲಿ ಹೆಸರು ಊರು ಕೂಗ್ತಾರೆ, ಕುಸ್ತಿ ಆಗತ್ತೆ, ಮುಂದಿನ ಜೋಡಿ. ದಸರಾ ಕೇಸರಿ, ದಸರಾ ಕಂಠೀರವ, ಹುಡುಗೀರಿಗೆ ದಸರಾ ಕಿಶೋರಿ, ಇಷ್ಟು ದೊಡ್ಡ ಬಿರುದುಗಳು. ಜೋಡಿ ಕಟ್ಟಿದ ದಿನದಿಂದ ಕುಸ್ತಿ ದಿನದವರೆಗೆ ಆ ಹುಡುಗ್ರು ಬೆಳಗ್ಗೆ ಎಷ್ಟೊತ್ತಿಗೆ ಏಳ್ತಾರೆ, ಎಷ್ಟು ದಂಡ ಬಸ್ಕಿ ಹೊಡೀತಾರೆ, ಹಾಲು ಬಾದಾಮಿಗೆ ಮನೇಲಿ ಹೆಂಗೆ ದುಡ್ಡು ಹೊಂದಿಸ್ತಾರೆ ಅಂತ ದಿನಾ ಐದೈದು ನಿಮಿಷ ಕನ್ನಡದಲ್ಲಿ ತೋರಿಸ್ಲಿ, ಜಂಬೂ ಸವಾರಿಗೆ ಚಂದನ ಚಾನೆಲಲ್ಲಿ ಕೂರೋ ಹಂಗೆ ಕುಸ್ತಿಗೂ ಮನೆಮಂದಿಯೆಲ್ಲಾ ಕೂರ್ತಾರೆ, ನಂಗೆ ಅನುಮಾನಾನೇ ಇಲ್ಲ.

ವಿಜಯದಶಮಿ ದಿನ ಅರಮನೆ ಒಳಗೆ ಜಟ್ಟಿಗಳ ವಜ್ರಮುಷ್ಟಿ ಕಾಳಗ ಆಗತ್ತಲ್ಲ, ತಲೆ ಬೋಳಿಸ್ಕೊಂಡು ಇಳೀತಾರೆ, ಮೊದಲ ರಕ್ತ ಕಂಡ ತಕ್ಷಣ ನಿಲ್ಲಿಸ್ತಾರೆ, ಒಂದೆರಡು ನಿಮಿಷದ್ದು. ಅದನ್ನ ಫೋನಲ್ಲಿ ತೋರ್ಸಿದಾಗ ನನ್ ಮಗಳು ರಾ ಅರ್ಧಕ್ಕೇ ಬಿಟ್ಟು ಅದನ್ನೇ ನಾಲ್ಕು ಸಲ ನೋಡಿದ್ಲು.

ತಗೊಳೋದಾದ್ರೆ 199ರ ಪ್ಲಾನ್ ತಗೊಳಿ, ಟಿವಿಗೆ ಹಾಕಿ, ಮನೆಯವ್ರನ್ನ ಕೂರಿಸ್ಕೊಳಿ. ಹಳೇ ಮ್ಯಾಚ್ ಇಷ್ಟ ಇರೋರು ರೆಸಲ್‌ಮೇನಿಯಾ 41ರ ಎರಡನೇ ದಿನದ ಮೊದಲ ಮ್ಯಾಚಿಂದ ಶುರು ಮಾಡಿ. ನಾನು ಈ ದಸರಾಗೆ ಮಗಳನ್ನ ದೊಡ್ಡಕೆರೆ ಮೈದಾನಕ್ಕೆ ಕರ್ಕೊಂಡು ಹೋಗ್ತಿದೀನಿ, ಕಿಶೋರಿ ಕುಸ್ತಿ ದಿನಾನೇ ಹೋಗ್ಬೇಕಂತೆ, ಈಗ್ಲೇ ಹೇಳಿಟ್ಟಿದಾಳೆ.