5 ಕೆಜಿ ಕೋಕೋಪೀಟ್ ಬ್ಲಾಕ್: ಆನ್‌ಲೈನ್ ಪ್ರೀಮಿಯಂದೋ, ನರ್ಸರಿ ಅಗ್ಗದ್ದೋ, ತಿಪಟೂರು ಕಡೆ ಲೂಸ್ ಪುಡಿನೋ

ಕೋಕೋಪೀಟ್ ಅಂದ್ರೆ ತೆಂಗಿನಕಾಯಿ ಮಟ್ಟೆಯ (ಸಿಪ್ಪೆಯ) ಪುಡಿ, ಮಣ್ಣಿನ ಬದಲು ಕುಂಡಕ್ಕೆ ತುಂಬೋದು. ಮೊದ್ಲೇ ಹೇಳ್ಬಿಡ್ತೀನಿ, ಈ ಮೂರರಲ್ಲಿ ಯಾವ್ದು ತಗೋಬೇಕು ಅನ್ನೋದು ನೀವು ಯಾವ ತಿಂಗಳಲ್ಲಿ ತಗೊಳ್ತಿದೀರ ಅನ್ನೋದ್ರ ಮೇಲಿದೆ. ಮಳೆಗಾಲ ಆದ್ರೆ ಅಗ್ಗದ್ದೇ ತಗೊಳಿ, ಬೇಸಿಗೆ ಆದ್ರೆ ಉಪ್ಪು ತೊಳೆದು ಬಂದಿರೋ ದುಬಾರಿ ಬ್ಲಾಕೇ ವಾಸಿ. ಯಾಕೆ ಅಂತ ಕೆಳಗಿದೆ, ಸ್ವಲ್ಪ ಉದ್ದ ಆಗುತ್ತೆ, ಓದೋಕೆ ಬೇಜಾರಾದ್ರೆ ಇಷ್ಟು ಸಾಕು.

ನಂದು ಬೆಂಗಳೂರಲ್ಲಿ ಬಾಡಿಗೆ ಮನೆ, ಮೇಲಿನ ಟೆರೇಸಲ್ಲಿ ಟೊಮೆಟೊ, ಮೆಣಸಿನಕಾಯಿ, ಒಂದಷ್ಟು ಬದನೆ. ಮಣ್ಣು ಹೊತ್ಕೊಂಡು ಮೂರು ಮಹಡಿ ಹತ್ತೋದು ಆಗಲ್ಲ, ಓನರ್‌ಗೂ ತೂಕದ ಭಯ, ಜೊತೆಗೆ ಹಳೇ ಕುಂಡದ ಮಣ್ಣಲ್ಲಿ ಟೊಮೆಟೊ ಚೆನ್ನಾಗೇ ಇದ್ದಿದ್ದು ಇದ್ದಕ್ಕಿದ್ದಂಗೆ ಹಸಿರಾಗಿರ್ತಾನೇ ಬಾಡಿ ಹೋಗೋ ರೋಗ ಬೇರೆ. ಅದಕ್ಕೇ ಕೋಕೋಪೀಟ್. ಆದ್ರೆ ಬಜೆಟ್ ಅಂತೂ ಕಮ್ಮಿ, ಗಿಡದ ಹುಚ್ಚಿಗೆ ಮನೇಲಿ ಸಿಗೋ ಸ್ಯಾಂಕ್ಷನ್ ಎಷ್ಟು ಅಂತ ನಿಮಗೂ ಗೊತ್ತಿರುತ್ತೆ.

ಒಂದು ತಮಾಷೆ ಹೇಳ್ಬೇಕು. ಕೋಕೋದಲ್ಲಿ ಗಿಡ ಬೆಳೆಸೋದು ಹೇಗೆ ಅಂತ ಇಂಗ್ಲಿಷಲ್ಲಿ ಹುಡುಕಿದ್ರೆ ಬರೋ ವಿಡಿಯೋಗಳಲ್ಲಿ ಅರ್ಧಕ್ಕರ್ಧ ಗಾಂಜಾ ಬೆಳೆಯೋರದ್ದೇ. ಕೆನಡಾದಲ್ಲಿ 2018ರ ಅಕ್ಟೋಬರ್‌ನಿಂದ ಅದು ಕಾನೂನುಬದ್ಧ, ಹೆಚ್ಚಿನ ಕಡೆ ಮನೆಗೆ ನಾಕು ಗಿಡ ಇಟ್ಕೋಬಹುದು, ಹಾಗಾಗಿ ಅವ್ರು ರಾಜಾರೋಷವಾಗಿ ವಿಡಿಯೋ ಹಾಕ್ತಾರೆ. ನಮ್ಮಲ್ಲಿ 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆ ಇದೆ, ಕುಂಡದಲ್ಲಿ ಒಂದು ಗಿಡ ಸಿಕ್ಕಿದ್ರೂ ಕೇಸು, ಆ ಕಡೆ ತಲೆ ಹಾಕೋದೇ ಬೇಡ. ಆದ್ರೆ ಕೋಕೋಪೀಟಿನ ಗುಣ ಗಿಡ ನೋಡಿ ಬದಲಾಗಲ್ಲ, ಉಪ್ಪು ತೊಳೆಯೋದು, ಕ್ಯಾಲ್ಸಿಯಂ ಕೊಡೋದು, ಕೆಳಗೆ ಸೋರೋ ನೀರು ಅಳೆಯೋದು ಇವೆಲ್ಲ ಟೊಮೆಟೊಗೂ ಅದೇ. ಅವ್ರು ಸಾವಿರಾರು ರೂಪಾಯಿ ಬಾಟಲಿಗಳಲ್ಲಿ ಮಾಡೋದನ್ನ ನಾವು ಗೊಬ್ಬರದ ಅಂಗಡಿ ಪ್ಯಾಕೆಟ್ಟಲ್ಲಿ ಮಾಡ್ಬೇಕು ಅಷ್ಟೆ.

ಈಗ ಮಾಲಿನ ವಿಷಯಕ್ಕೆ ಬರೋಣ. ಬ್ರ್ಯಾಂಡ್ ಹೆಸರು ಬರೆಯಲ್ಲ, ಯಾಕಂದ್ರೆ ಒಂದೇ ಹೆಸರಲ್ಲಿ ಒಂದ್ಸಲ ಬಂದ ಹಾಗೆ ಇನ್ನೊಂದ್ಸಲ ಬರಲ್ಲ.

ಆನ್‌ಲೈನ್ ಪ್ರೀಮಿಯಂ: ₹400ರ ಮೇಲೆ, ಮೇಲೆಲ್ಲ ಲೋ ಇಸಿ (ಅಂದ್ರೆ ಉಪ್ಪು ಕಮ್ಮಿ), ಟ್ರಿಪಲ್ ವಾಷ್ಡ್, ಎಕ್ಸ್‌ಪೋರ್ಟ್ ಕ್ವಾಲಿಟಿ ಅಂತ ಬರೆದಿರುತ್ತೆ. 5 ಕೆಜಿ ಅಂತ ಬಂದಿದ್ದು ತೂಕ ಹಾಕಿದ್ರೆ ನಾಕೂವರೆ ಚಿಲ್ಲರೆ ಬಂತು, ಅದಕ್ಕೆ ಕಸ್ಟಮರ್ ಕೇರ್‌ನೋರು ಸಾಗಾಣಿಕೆಯಲ್ಲಿ ತೇವ ಆರಿರುತ್ತೆ ಸರ್ ಅಂದ್ರು, ಇರ್ಲಿ ಬಿಡಿ. 75 ಲೀಟರ್ ಆಗುತ್ತೆ ಅಂತ ಕವರ್ ಮೇಲೆ ಇದ್ರೂ ನನಗೆ ಬಿಡಿಬಿಡಿಯಾಗಿ ಅರಳಿದ ಮೇಲೆ ಸಿಕ್ಕಿದ್ದು 60ರ ಆಸುಪಾಸು, 12 ಇಂಚಿನ ಗ್ರೋ ಬ್ಯಾಗ್ ಮುಕ್ಕಾಲು ತುಂಬಿದ್ರೆ ನಾಕಕ್ಕೆ ಆಗುತ್ತೆ. ಉಪ್ಪು ಮಾತ್ರ ನಿಜವಾಗ್ಲೂ ಕಮ್ಮಿ ಇತ್ತು, ಆ ಮಾತು ಸುಳ್ಳಲ್ಲ.

ನರ್ಸರಿದು: ₹220ಕ್ಕೆ ಕೊಟ್ರು, ಚೌಕಾಸಿ ಮಾಡಿದ್ಮೇಲೆ. ಕವರೂ ಇಲ್ಲ, ಹೆಸರೂ ಇಲ್ಲ. ತೊಳೆದಿರೋದಾ ಅಂತ ಕೇಳಿದ್ರೆ "ಎಲ್ಲಾ ತೊಳೆದಿರೋದೇ ಸಾರ್, ಪೊಳ್ಳಾಚಿ ಮಾಲು" ಅಂದ. ತಮಿಳುನಾಡಿನ ಪೊಳ್ಳಾಚಿಯಿಂದ ಬಂದ ಮಾಲು ಇರ್ಬಹುದು, ತೊಳೆದಿದ್ದಂತೂ ಅಲ್ಲ. ನೆನೆಸಿದ ನೀರನ್ನ ಟಿಡಿಎಸ್ ಮೀಟರಲ್ಲಿ (ನೀರಲ್ಲಿ ಕರಗಿರೋ ಉಪ್ಪು ಅಳೆಯೋ ಕಡ್ಡಿ) ಅಳೆದ್ರೆ ಸಾವಿರ ಪಿಪಿಎಂ ದಾಟ್ತು, ಬಕೆಟ್ ತಳದಲ್ಲಿ ಒಂದು ಹಿಡಿ ಮರಳು ಬೇರೆ.

ಲೂಸ್ ಪುಡಿ: ತಿಪಟೂರು, ತುರುವೇಕೆರೆ, ಅರಸೀಕೆರೆ ಕಡೆ ಹೋದ್ರೆ ನಾರಿನ ಫ್ಯಾಕ್ಟರಿ ಪಕ್ಕ ಗುಡ್ಡೆಗುಡ್ಡೆ ಬಿದ್ದಿರುತ್ತಲ್ಲ, ಅದೇ. ಮಟ್ಟೆಯಿಂದ ನಾರು ತೆಗೆದ ಮೇಲೆ ಉಳಿಯೋ ಪುಡಿ, ಕೋಕೋಪೀಟ್ ಅಂದ್ರೂ ಅದೇ, ಒಣಗಿಸಿ ಪ್ರೆಸ್ ಮಾಡಿ ಪ್ಲಾಸ್ಟಿಕ್ ಸುತ್ತಿದ್ರೆ ಬ್ಲಾಕು. ಊರಿಗೆ ಹೋದಾಗ ಗೊಬ್ಬರದ ಚೀಲ ತಗೊಂಡು ಹೋಗಿ ಕೇಳಿದ್ರೆ ಚೀಲಕ್ಕೆ ಐವತ್ತು ಅರವತ್ತು ರೂಪಾಯಿ ಇಸ್ಕೊಂಡ್ರು, ತುಂಬ್ಕೊಳ್ಳೋದು ನಾವೇ. ಇಲ್ಲೊಂದು ಸೂಕ್ಷ್ಮ ಇದೆ: ಹೊಂಬಣ್ಣದ ಹೊಸ ಪುಡಿ ತಗೋಬೇಡಿ, ಒಂದೆರಡು ಮಳೆಗಾಲ ನೆನೆದು ಕಪ್ಪಗಾಗಿರೋ ಹಳೇ ಗುಡ್ಡೆ ಕೇಳಿ. ಅದರಲ್ಲೂ ಮೇಲ್ಗಡೆಯದ್ದು, ಮಳೆ ನೀರು ಅಲ್ಲಿಂದ ಉಪ್ಪು ತೊಳ್ಕೊಂಡು ಕೆಳಗಿಳಿದಿರುತ್ತೆ. ನಾನು ಮೇಲಿಂದ ಒಂದು ಚೀಲ, ಬುಡದಿಂದ ಒಂದು ಚೀಲ ತಂದು ಅಳೆದು ನೋಡ್ದೆ, ಬುಡದ್ದು ಹೆಚ್ಚುಕಮ್ಮಿ ಎರಡರಷ್ಟು ಉಪ್ಪು. ತೊಂದ್ರೆ ಏನಂದ್ರೆ ಹುಲ್ಲಿನ ಬೀಜ ಇರುತ್ತೆ, ಹುಳು ಇರುತ್ತೆ, ಒದ್ದೆ ಇದ್ರೆ ಚೀಲ ಎತ್ತೋಕಾಗಲ್ಲ, ಬಸ್ಸಲ್ಲಂತೂ ಕಂಡಕ್ಟರ್ ಹತ್ರ ಜಗಳ ಗ್ಯಾರಂಟಿ.

ಇವುಗಳ ಜೊತೆ ಸಣ್ಣ 650 ಗ್ರಾಂ ಇಟ್ಟಿಗೆನೂ ಬರುತ್ತೆ, 80 ರೂಪಾಯಿ, ನೋಡೋಕೆ ಅಗ್ಗ. ಅರಳಿದ್ರೆ 8 ಲೀಟರ್, ಅಂದ್ರೆ ಲೀಟರಿಗೆ 10 ರೂಪಾಯಿ ಬಿತ್ತು, ನರ್ಸರಿಯ ದೊಡ್ಡ ಬ್ಲಾಕಲ್ಲಿ ಲೀಟರಿಗೆ ನಾಕು ರೂಪಾಯಿನೂ ಬೀಳಲ್ಲ. ಬೀಜ ಹಾಕೋ ಟ್ರೇಗೆ ಓಕೆ, ಗ್ರೋ ಬ್ಯಾಗ್ ತುಂಬೋಕೆ ಬೇಡ.

ಉಪ್ಪಿನ ವಿಷಯ ಇಷ್ಟು ಕೊರೀತಾ ಇದೀನಲ್ಲ, ಕಾರಣ ಹೇಳ್ತೀನಿ. ತೆಂಗಿನ ಮಟ್ಟೆಯಲ್ಲಿ ಸಹಜವಾಗೇ ಪೊಟ್ಯಾಶಿಯಂ, ಸೋಡಿಯಂ, ಕ್ಲೋರೈಡ್ ಇರುತ್ತೆ, ಕರಾವಳಿ ಕಡೆ ಹಿನ್ನೀರಲ್ಲಿ ಕೊಳೆ ಹಾಕಿದ ಮಟ್ಟೆ ಆದ್ರೆ ಇನ್ನೂ ಜಾಸ್ತಿ. ಬರೀ ನೀರಲ್ಲಿ ತೊಳೆದ್ರೆ ಸಡಿಲವಾಗಿರೋ ಉಪ್ಪು ಹೋಗುತ್ತೆ, ಆದ್ರೆ ಪುಡಿಗೇ ಅಂಟ್ಕೊಂಡಿರೋ ಪೊಟ್ಯಾಶಿಯಂ, ಸೋಡಿಯಂ ಹೋಗಲ್ಲ. ಆಮೇಲೆ ನೀವು ಗಿಡಕ್ಕೆ ಅಂತ ಕ್ಯಾಲ್ಸಿಯಂ, ಮೆಗ್ನೀಶಿಯಂ ಹಾಕಿದ್ರೆ ಪುಡಿ ಅದನ್ನ ತಾನು ಹಿಡ್ಕೊಂಡು ಬದಲಿಗೆ ಪೊಟ್ಯಾಶಿಯಂ ಬಿಡುತ್ತೆ, ಗಿಡಕ್ಕೆ ಕ್ಯಾಲ್ಸಿಯಂ ಸಿಗಲ್ಲ, ಟೊಮೆಟೊ ಕಾಯಿ ತಳ ಕಪ್ಪಾಗಿ ಕೊಳೆಯೋದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಮೊದಲೇ ಪುಡಿಗೆ ಹೊಟ್ಟೆ ತುಂಬ ಕ್ಯಾಲ್ಸಿಯಂ ಕೊಟ್ಬಿಡಬೇಕು. ಬಫರಿಂಗ್ ಅನ್ನೋದು ಇದಕ್ಕೇ, ದೊಡ್ಡ ವಿದ್ಯೆ ಏನಲ್ಲ.

ನಾನು ಮಾಡೋದು ಹೀಗೆ. ಬ್ಲಾಕ್ ಅರಳಿಸಿ, ಹಳೇ ಪಾಲಿಥಿನ್ ಗೊಬ್ಬರದ ಚೀಲಕ್ಕೆ ತುಂಬಿ, ಚೀಲದ ತಳಕ್ಕೆ ತೂತು ಹೊಡೆದು, ಮೇಲಿಂದ ನೀರು ಬಿಡೋದು. ಮೊದಲ ನೀರು ಕಷಾಯದ ಹಾಗೆ ಇಳಿಯುತ್ತೆ, ಬಣ್ಣ ತಿಳಿಯಾಗ್ತಾ ಬಂದ್ಮೇಲೆ ನಿಲ್ಲಿಸಿ, ತೂತಿಲ್ಲದ ಡ್ರಮ್ಮಲ್ಲಿ ಸುಮಾರು 25 ಲೀಟರ್ ನೀರಿಗೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, ಒಂದು ಮುಷ್ಟಿ ಮೆಗ್ನೀಶಿಯಂ ಸಲ್ಫೇಟ್ ಹಾಕಿ ಒಂದು ರಾತ್ರಿ ನೆನೆಸಿಡೋದು, ಬೆಳಿಗ್ಗೆ ಬಸಿದು ಇನ್ನೊಂದ್ಸಲ ತೊಳೆಯೋದು. ಆ ಎರಡನ್ನೂ ಗಟ್ಟಿ ದ್ರಾವಣ ಮಾಡಿ ಒಟ್ಟಿಗೆ ಬೆರೆಸಿದ್ರೆ ಜಿಪ್ಸಂ ಆಗಿ ತಳಕ್ಕೆ ಕೂರುತ್ತೆ, ಬೇರೆಬೇರೆ ಕರಗಿಸಿ ಆಮೇಲೆ ದೊಡ್ಡ ನೀರಿಗೆ ಹಾಕಿ. ಹೊರದೇಶದೋರು ಕ್ಯಾಲ್‌ಮ್ಯಾಗ್ ಅಂತ ಒಂದು ಬಾಟಲಿ ಬಗ್ಗೆ ಹೇಳ್ತಿರ್ತಾರಲ್ಲ, ಅದರ ಕೆಲಸಾನೇ ಇವೆರಡು ಮಾಡೋದು. ಕ್ಯಾಲ್ಸಿಯಂ ನೈಟ್ರೇಟ್ ಕೆಜಿಗೆ ನೂರು ನೂರೈವತ್ತು, ಅದರಲ್ಲಿ 15.5% ಸಾರಜನಕ, 18.8% ಕ್ಯಾಲ್ಸಿಯಂ. ಪ್ಯಾಕೆಟ್ ಒಡೆದ ಮೇಲೆ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿಡಿ, ಗಾಳಿಗೆ ಬಿಟ್ರೆ ತೇವ ಎಳ್ಕೊಂಡು ಪಾಯಸ ಆಗ್ಬಿಡುತ್ತೆ. ಸುಣ್ಣ ಹಾಕಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಪಿಎಚ್ ಏರಿಬಿಡುತ್ತೆ.

ದುಡ್ಡು ಉಳಿಸಿ ಒಂದೇ ಒಂದು ಸಾಮಾನು ತಗೊಳೋದಾದ್ರೆ ಟಿಡಿಎಸ್ ಮೀಟರ್ ತಗೊಳಿ, ಇನ್ನೂರೈವತ್ತು ರೂಪಾಯಿ ಒಳಗೆ ಬರುತ್ತೆ. ಒಂದು ಲೋಟ ಒದ್ದೆ ಕೋಕೋಪೀಟ್, ಒಂದೂವರೆ ಲೋಟ ಆರ್‌ಒ ನೀರು, ಅರ್ಧ ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಿ ಅಳೆಯಿರಿ. 500 ಪಿಪಿಎಂ ತೋರಿಸಿದ್ರೆ ಸುಮಾರು 1 ಇಸಿ. ಅದಕ್ಕಿಂತ ಮೇಲಿದ್ರೆ ಇನ್ನೂ ತೊಳೀಬೇಕು, 250ರ ಹತ್ರ ಬಂದ್ರೆ ಸಸಿ ಹಾಕೋಕೆ ಧೈರ್ಯ ಮಾಡ್ಬಹುದು. ಅಂಗಡಿಯವರ ಬಾಯಿಮಾತಿಗಿಂತ ಈ ಕಡ್ಡಿ ವಾಸಿ.

ಈಗ ಮಳೆಗಾಲ ಬೇಸಿಗೆ ಅಂದಿದ್ದು ಯಾಕೆ ಅಂದ್ರೆ, ನರ್ಸರಿ ಬ್ಲಾಕ್ ಒಂದನ್ನ ಸರಿಯಾಗಿ ತೊಳೆಯೋಕೆ ನೂರೈವತ್ತು ಲೀಟರ್ ನೀರು ಬೇಕೇ ಬೇಕು. ದುಡ್ಡಿನ ಲೆಕ್ಕದಲ್ಲಿ ಅದು ಏನೂ ಅಲ್ಲ, ಟ್ಯಾಂಕರ್ ನೀರಾದ್ರೂ ಇಪ್ಪತ್ತು ಮೂವತ್ತು ರೂಪಾಯಿ, ಅಂದ್ರೆ ಪ್ರೀಮಿಯಂಗೆ ಕೊಡೋ ಹೆಚ್ಚಿನ ಇನ್ನೂರಕ್ಕಿಂತ ಎಷ್ಟೋ ಕಮ್ಮಿ. ಆದ್ರೆ ಏಪ್ರಿಲ್‌ನಲ್ಲಿ ನೂರೈವತ್ತು ಲೀಟರ್ ನೀರು ಟೆರೇಸ್ ಮೇಲೆ ಸುರೀತಾ ಇದ್ರೆ ಕೆಳಗಡೆ ಮನೆಯೋರು ಸುಮ್ನಿರ್ತಾರಾ, ನಮಗೇ ಮನಸ್ಸು ಬರುತ್ತಾ? 2024ರ ಮಾರ್ಚಲ್ಲಿ ಜಲಮಂಡಳಿಯೋರು ಕುಡಿಯೋ ನೀರನ್ನ ಗಿಡಕ್ಕೆ, ಕಾರು ತೊಳೆಯೋಕೆ ಬಳಸಿದ್ರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿದ್ದು ನೆನಪಿದೆಯಲ್ಲ. ಆ ಟೈಮಲ್ಲಿ ತೊಳೆದು ಬಂದ ಬ್ಲಾಕೇ ಸರಿ, ಇನ್ನೂರು ಜಾಸ್ತಿ ಆದ್ರೆ ಆಗ್ಲಿ. ಅದೇ ಜೂನ್ ಜುಲೈ ಆದ್ರೆ ಅಗ್ಗದ ಬ್ಲಾಕ್ ಅರಳಿಸಿ ತೂತಿನ ಚೀಲಕ್ಕೆ ತುಂಬಿ ಮಳೆಗೆ ಬಿಟ್ಟು ಮರೆತುಬಿಡಿ, ತಿಂಗಳು ಬಿಟ್ಟು ಅಳೆಯಿರಿ, ಪುಗಸಟ್ಟೆ ವಾಷಿಂಗ್. ಮಳೆ ನೀರಲ್ಲಿ ಹೆಚ್ಚುಕಮ್ಮಿ ಉಪ್ಪೇ ಇರಲ್ಲ, ಬೋರ್‌ವೆಲ್ ನೀರಿಗಿಂತ ಚೆನ್ನಾಗಿ ತೊಳೆಯುತ್ತೆ. ಕ್ಯಾಲ್ಸಿಯಂ ನೆನೆಸೋದನ್ನ ಮಾತ್ರ ಮಳೆ ಮಾಡಿಕೊಡಲ್ಲ, ಅದು ನಾವೇ ಮಾಡ್ಬೇಕು.

ಗಿಡ ಹೇಗೆ ಬಂತು ಅಂತ ಕೇಳೋರಿಗೆ: ಮೂರರಲ್ಲೂ ಹೆಸರಘಟ್ಟ ಐಐಎಚ್‌ಆರ್‌ನ (ತೋಟಗಾರಿಕೆ ಸಂಶೋಧನಾ ಸಂಸ್ಥೆ) ಅರ್ಕಾ ರಕ್ಷಕ್ ಟೊಮೆಟೊ ತಳಿನೇ ಹಾಕಿದ್ದೆ. ತೊಳೆದು ಬಫರ್ ಮಾಡಿದ ಮೇಲೆ ನರ್ಸರಿದಕ್ಕೂ ಪ್ರೀಮಿಯಂಗೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣ್ಲಿಲ್ಲ. ಲೂಸ್ ಪುಡಿಯದ್ದು ಶುರುವಲ್ಲಿ ಸ್ವಲ್ಪ ಹಳದಿ ಹೊಡೀತು. ಹಸಿ (ಸರಿಯಾಗಿ ಕೊಳೆಯದ) ಪುಡಿಯಲ್ಲಿ ಇಂಗಾಲ ಸಾರಜನಕಕ್ಕಿಂತ ನೂರು ಪಟ್ಟಿಗೂ ಜಾಸ್ತಿ ಇರುತ್ತೆ, ಅದನ್ನ ಕೊಳೆಸೋ ಸೂಕ್ಷ್ಮಜೀವಿಗಳು ಗಿಡದ ಪಾಲಿನ ಸಾರಜನಕಾನೂ ತಿಂದ್ಬಿಡ್ತವೆ. ಇದಕ್ಕೇ ಕಾಯರ್ ಬೋರ್ಡ್‌ನೋರು (ತೆಂಗಿನ ನಾರು ಮಂಡಳಿ) ಪುಡಿಯನ್ನ ಮೊದಲೇ ಕೊಳೆಸೋಕೆ ಪಿತ್ ಪ್ಲಸ್ ಅಂತ ಅಣಬೆ ಕಲ್ಚರ್ ಮಾಡಿರೋದು, ಐಐಎಚ್‌ಆರ್‌ನೋರು ಹುಳಿಸಿದ ಕೋಕೋಪೀಟ್ ತಂತ್ರ ಮಾಡಿರೋದು. ಇನ್ನು ಗಿಡದ ಊಟಕ್ಕೆ ನೀರಲ್ಲಿ ಕರಗೋ 19:19:19 ಗೊಬ್ಬರ ಲೀಟರಿಗೆ ಒಂದು ಗ್ರಾಂ ಒಂದಿನ, ಕ್ಯಾಲ್ಸಿಯಂ ನೈಟ್ರೇಟ್ ಒಂದು ಗ್ರಾಂ ಇನ್ನೊಂದಿನ, ನಡುನಡುವೆ ಸೂಕ್ಷ್ಮ ಪೋಷಕಾಂಶ. ಕೋಕೋಪೀಟಲ್ಲಿ ಗಿಡಕ್ಕೆ ಬೇಕಾದ ಊಟ ಇರಲ್ಲ, ಬರೀ ನೀರು ಹಾಕಿ ಗಿಡ ಬರ್ಲಿಲ್ಲ ಅಂತ ಒಂದು ಸ್ಟಾರ್ ಕೊಟ್ಟಿರೋ ರಿವ್ಯೂಗಳನ್ನ ನಂಬ್ಬೇಡಿ, ಅದು ಬ್ಲಾಕಿನ ತಪ್ಪಲ್ಲ.

ಇನ್ನೊಂದು, ಮೇಲೆ ಒಣಗಿದ ಹಾಗೆ ಕಂಡ್ರೂ ಕೆಳಗೆ ಒದ್ದೆ ಇರುತ್ತೆ, ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿಯೋ ವಸ್ತು ಇದು. ಬ್ಯಾಗ್ ಒಂದ್ಸಲ ಓರೆ ಮಾಡಿ ಎತ್ತಿ ನೋಡಿ, ಹಗುರ ಅನ್ನಿಸಿದ್ರೆ ಮಾತ್ರ ನೀರು. ಪರ್ಲೈಟ್ (ಗಾಳಿ ಆಡೋಕೆ ಬೆರೆಸೋ ಹಗುರ ಬಿಳಿ ಕಲ್ಲು) ದುಬಾರಿ, ಅದರ ಬದಲು ಸುಟ್ಟ ಭತ್ತದ ಹೊಟ್ಟು ಕಾಲು ಭಾಗ ಬೆರೆಸಿದ್ರೆ ಬೇರಿಗೆ ಗಾಳಿ ಆಡುತ್ತೆ, ರೈಸ್ ಮಿಲ್ ಪರಿಚಯ ಇದ್ರೆ ಕಾಸೇ ಬೇಡ.

ಸ್ಟಾರ್ ಕೊಡ್ಲೇಬೇಕು ಅಂದ್ರೆ ಪ್ರೀಮಿಯಂಗೆ ಮೂರು, ತೂಕದಲ್ಲಿ ಮೋಸ ಮಾಡಿದ್ದಕ್ಕೆ ಒಂದು ಕಟ್. ನರ್ಸರಿದಕ್ಕೆ ಮೂರೂವರೆ, ಮರಳಿನ ಸಿಟ್ಟಿದ್ರೂ. ಲೂಸ್ ಪುಡಿಗೆ ನಾಕು, ಆದ್ರೆ ಕಾರು ಇದ್ದೋರಿಗೆ, ಆ ಕಡೆ ಊರಿದ್ದೋರಿಗೆ ಮಾತ್ರ, ಇದಕ್ಕೋಸ್ಕರನೇ ಪೆಟ್ರೋಲ್ ಸುಟ್ಕೊಂಡು ಹೋದ್ರೆ ಲೆಕ್ಕ ತಲೆಕೆಳಗು. ಬೆಳೆ ಮುಗಿದ ಮೇಲೆ ಬೇರು ಕಿತ್ತು, ತೊಳೆದು, ಮತ್ತೆ ಕ್ಯಾಲ್ಸಿಯಂ ಕೊಟ್ಟು ಎರಡು ಮೂರು ಬೆಳೆ ತೆಗೀಬಹುದು, ಬಾಡೋ ರೋಗ ಬಂದಿದ್ದ ಬ್ಯಾಗಿನ ಪುಡಿ ಮಾತ್ರ ಬೇಡ.

ಮತ್ತೆ ಆ ಕಂದು ನೀರನ್ನ ಟೈಲ್ಸ್ ಮೇಲೆ ಹರಿಯೋಕೆ ಬಿಡ್ಬೇಡಿ, ಕಲೆ ಸುಲಭಕ್ಕೆ ಹೋಗಲ್ಲ. ನಾನೀಗ ಮೊದಲ ತೊಳೆದ ನೀರನ್ನ ಬಕೆಟಲ್ಲಿ ಹಿಡಿದು ಕಾಂಪೌಂಡಲ್ಲಿರೋ ಓನರ್ ಮನೆ ತೆಂಗಿನ ಮರಕ್ಕೇ ಹಾಕ್ತೀನಿ. ತೆಂಗಿಗೆ ಪೊಟ್ಯಾಶಿಯಂ, ಕ್ಲೋರೈಡ್ ಎರಡೂ ಬೇಕು, ಬೇರೆ ಗಿಡ ಸುಟ್ಟು ಹೋಗೋ ಉಪ್ಪು ಅದಕ್ಕೆ ಆಗಿಬರುತ್ತೆ, ಟೆರೇಸ್ ಕಲೆ ಬಗ್ಗೆ ಗೊಣಗ್ತಿದ್ದ ಓನರ್ ಅಂಕಲ್ಲೂ ಈಗ ಸುಮ್ನಿದಾರೆ.