ಚಿತ್ರಸಂತೆ, ಡೆಲ್ಲಿ ಫೇರ್, ಕೊಚ್ಚಿ ಬಿನಾಲೆ: ಮೂರೂ ಸುತ್ತಿದ ಫ್ರೇಮ್ ಅಂಗಡಿಯವನ ಲೆಕ್ಕ

ತುಮಕೂರಲ್ಲಿ ನಮ್ದು ಫ್ರೇಮ್ ಹಾಕೋ ಅಂಗಡಿ. ದಿನಾ ಬರೋದು ದೇವರ ಫೋಟೋ, ಮದುವೆ ಫೋಟೋ, ತೀರ್ಕೊಂಡೋರ ಫೋಟೋ, ಆದ್ರೆ ಜನವರಿ ಬಂತು ಅಂದ್ರೆ ಒಂದಷ್ಟು ಜನ ಕ್ಯಾನ್ವಾಸ್ ಸುತ್ಕೊಂಡು ಬರ್ತಾರೆ, ಎಲ್ಲಿಂದ ಅಂದ್ರೆ ಬೆಂಗಳೂರಿನ ಚಿತ್ರಸಂತೆ ಅಂತಾರೆ, ಬರೆದವರೇ ರಸ್ತೆಯಲ್ಲಿ ಚಿತ್ರ ಮಾರೋ ಸಂತೆ. ಇದೇನಪ್ಪಾ ನೋಡೇ ಬಿಡೋಣ ಅಂತ ಹೋದೋನು ನಾನು, ಆಮೇಲೆ ಚಟ ಹತ್ಕೊಂಡು ಕೊಚ್ಚಿ, ಡೆಲ್ಲಿವರೆಗೂ ಹೋಗ್ಬಂದೆ.

ಸಂತೆ ನಮಗೆ ಸಲೀಸು. ಬೆಳಗ್ಗೆ ಟ್ರೈನ್ ಹತ್ತಿ ಮೆಜೆಸ್ಟಿಕ್ಕಲ್ಲಿ ಇಳ್ದು ಆಟೋ ಹಿಡಿದ್ರೆ ಕುಮಾರಕೃಪಾ ರೋಡು, ಚಿತ್ರಕಲಾ ಪರಿಷತ್ತಿನವರು 2003ರಿಂದ ನಡೆಸ್ತಿದಾರೆ, ಎಂಟ್ರಿ ಫ್ರೀ. 2024ರದ್ದನ್ನ ಬಾಹ್ಯಾಕಾಶ ವಿಜ್ಞಾನಿಗಳಿಗೆ ಅರ್ಪಿಸಿದ್ರು. ಅಲ್ಲಿ ಮಜಾ ಏನಂದ್ರೆ ಬರೆದವರೇ ಚಿತ್ರದ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತಿರ್ತಾರೆ, ಎಷ್ಟು ಅಂದ್ರೆ ಎಷ್ಟು ಅಂತಾರೆ, ಯಾವ ಪೇಪರು, ಎಷ್ಟು ದಿನ ಹಿಡೀತು ಅಂತ ಕೇಳಿದ್ರೆ ಖುಷಿಯಾಗಿ ಹೇಳ್ತಾರೆ. ಕಲಬುರಗಿ ಕಡೆಯವರೊಬ್ಬರು ಎತ್ತಿನ ಜೋಡಿ ವಾಟರ್‌ಕಲರ್‌ಗೆ 2500 ಅಂದ್ರು, ಸಂಜೆ ಹೋಗಿ 1800ಕ್ಕೆ ಕೇಳಿದೆ, ವಾಪಸ್ ಹೊತ್ಕೊಂಡು ಹೋಗೋದು ಯಾರು ಅಂತ ಕೊಟ್ಟೇಬಿಟ್ರು. ಆಮೇಲೆ ಪಾಪ ಅನ್ನಿಸ್ತು, ಬಿಡಿ. ನೋಡೋಕೆ ಅಂತ ಹೋಗೋರು ಮಾತ್ರ ಬೆಳಗ್ಗೆನೇ ಹೋಗಿ, ಮಧ್ಯಾಹ್ನದ ಮೇಲೆ ಚಿತ್ರಕ್ಕಿಂತ ಮುಂದಿನವರ ಬೆನ್ನೇ ಜಾಸ್ತಿ ಕಾಣೋದು.

ಒಂದು ಮಾತು, ಇದು ಎಲ್ಲೇ ಕ್ಯಾನ್ವಾಸ್ ತಗೊಂಡ್ರೂ ಸರಿ: ಹಿಂದುಗಡೆ ತಿರುಗಿಸಿ, ಅಂಚು ನೋಡಿ. ಪ್ರಿಂಟ್ ಹೊಡೆದು ಮೇಲೆ ಟ್ರಾನ್ಸ್‌ಪರೆಂಟ್ ಜೆಲ್ ಬಳಿದಿದ್ರೆ ಬ್ರಷ್ ಗುರುತು ಒಂದು ಕಡೆ ಹೋಗ್ತಿರುತ್ತೆ, ಬಣ್ಣ ಇನ್ನೊಂದು ಕಡೆ, ಅಂದ್ರೆ ಅದು ಕೈಯಲ್ಲಿ ಬರೆದಿದ್ದಲ್ಲ. ನನ್ನ ಟೇಬಲ್ ಮೇಲೆ ಇಂಥದ್ದು ಬಂದಿದೆ, ಗಿರಾಕಿ ಮುಖ ನೋಡಿ ನಾನು ಬಾಯೇ ಬಿಡಲಿಲ್ಲ.

ಡೆಲ್ಲಿ ಇಂಡಿಯಾ ಆರ್ಟ್ ಫೇರ್ ಬೇರೆನೇ ಲೋಕ. 2008ರಲ್ಲಿ ಆರ್ಟ್ ಸಮಿಟ್ ಅನ್ನೋ ಹೆಸರಲ್ಲಿ ಶುರುವಾಗಿದ್ದು, ಈಗ ಓಖ್ಲಾ ಎನ್‌ಎಸ್‌ಐಸಿ ಗ್ರೌಂಡಲ್ಲಿ ದೊಡ್ಡ ದೊಡ್ಡ ಟೆಂಟು, ಟಿಕೆಟ್ ತಗೋಬೇಕು. ಬಾಮೈದ ಅಲ್ಲೇ ಇರೋದ್ರಿಂದ ರೂಮ್ ಖರ್ಚು ಉಳೀತು, ಇಲ್ದಿದ್ರೆ ನಮ್ಮಂಥೋರಿಗೆ ಆಗೋ ಮಾತಲ್ಲ. ಇಲ್ಲಿ ಕೂತಿರೋರು ಗ್ಯಾಲರಿಯವರು, ಬರೆದವರು ಸಿಗೋದು ಅಪರೂಪ, ತುಂಬಾ ಕಡೆ ರೇಟ್ ಬರೆದೇ ಇರಲ್ಲ. ಒಂದು ಕಡೆ ಧೈರ್ಯ ಮಾಡಿ ಕೇಳಿದೆ, ಆ ಹುಡುಗಿ ಮರ್ಯಾದೆಯಾಗೇ ಹೇಳಿದ್ಲು, ಕೇಳಿ ನಾನು ಥ್ಯಾಂಕ್ಸ್ ಅಂದೆ. ಬಾಮೈದ ಆಚೆ ಬಂದು "ಏನ್ ಭಾವ, ನಮ್ ಸೈಟೇ ಮಾರಿದ್ರೂ ಬರಲ್ವಲ್ಲ" ಅಂದ. ಆದ್ರೆ ಫ್ರೇಮ್ ಕೆಲಸ ಅಂದ್ರೆ ಅದು! ರಝಾ, ಹುಸೇನ್ ಥರದ ದೊಡ್ಡ ಕಲಾವಿದರು ಬರೆದಿದ್ದು ಎಲ್ಲ ಒಂದು ಗೇಣು ದೂರದಲ್ಲಿ, ನಾನು ನೋಡ್ತಿದ್ದಿದ್ದು ಮೂಲೆ ಜಾಯಿಂಟು. ಪೇಪರ್ ಗ್ಲಾಸಿಗೆ ತಾಗದ ಹಾಗೆ ಒಳಗೆ ಗ್ಯಾಪ್ ಬಿಟ್ಟು, ನಾಲ್ಕೂ ಅಂಚು ಕಾಣೋ ಹಾಗೆ ತೇಲಿಸಿ ಕೂರಿಸಿದ್ರು. ಗ್ಲಾಸಿಗೆ ತಾಗಿದ್ರೆ ತೇವಕ್ಕೆ ಅಂಟ್ಕೊಳ್ಳುತ್ತೆ, ಮಳೆಗಾಲದಲ್ಲಿ ಎಷ್ಟು ಹಳೇ ಫೋಟೋ ಹಂಗೆ ಹಾಳಾಗಿರೋದು ನೋಡಿದೀನಿ.

ಕೊಚ್ಚಿಗೆ ಹೋಗಿದ್ದು 2023ರ ಫೆಬ್ರವರಿಯಲ್ಲಿ. ಬಿನಾಲೆ ಅಂದ್ರೆ ಎರಡು ವರ್ಷಕ್ಕೊಮ್ಮೆ ಅಂತ ಮಾಡೋ ಕಲಾ ಪ್ರದರ್ಶನ, ಇಲ್ಲಿ ಮೊದಲನೇದು ಶುರುವಾಗಿದ್ದು 2012ರ ಡಿಸೆಂಬರ್ 12ಕ್ಕೆ. ಅಲ್ಲಿ ಮಾರಾಟನೇ ಇಲ್ಲ. ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸು, ಸಮುದ್ರದ ಪಕ್ಕ ಹಳೇ ಮಸಾಲೆ ವ್ಯಾಪಾರದವರ ಗೋಡೌನು, ಅದರೊಳಗೆ ವಿಡಿಯೋ, ಶಬ್ದ, ರಾಶಿ ಹಾಕಿದ ಸಾಮಾನು. ಮೊದಲನೇ ಅರ್ಧ ದಿನ ಇದೇನು ಗುಜರಿನಾ ಅನ್ನಿಸ್ತು, ಸುಳ್ಳು ಹೇಳಲ್ಲ. ಫ್ರೇಮ್ ಹಾಕೋಕೆ ಏನೂ ಇಲ್ವಲ್ಲ ಅಂತ ಬೇಜಾರು ಬೇರೆ. ಎರಡನೇ ದಿನ ಒಂದು ಕತ್ತಲೆ ರೂಮಲ್ಲಿ ನೆಲದ ಮೇಲೆ ಕೂತೋನು ಮುಕ್ಕಾಲು ಗಂಟೆ ಎದ್ದಿಲ್ಲ. ರೇಟು ಕೇಳೋ ಗೋಜೇ ಇಲ್ಲ ನೋಡಿ. ಹೋದ್ರೆ ಎರಡು ದಿನ ಇಟ್ಕೊಂಡು ಹೋಗಿ, ಒಂದೇ ದಿನ ಆದ್ರೆ ಬೇಡ.

ತಗೊಳ್ಳೋಕೆ ಅಂದ್ರೆ ಕಣ್ಮುಚ್ಚಿ ಸಂತೆ ಅಂತೀನಿ. ಸುಮ್ನೆ ನೋಡೋಕೆ ಕೊಚ್ಚಿ. ಡೆಲ್ಲಿಗೆ ಬಾಮೈದ ಇದ್ರೆ ಡೆಲ್ಲಿ.

ಆ 1800ರ ಎತ್ತಿನ ಜೋಡಿಗೆ ಡೆಲ್ಲಿಯಲ್ಲಿ ನೋಡ್ಕೊಂಡು ಬಂದ ಥರನೇ ತೇಲಿಸಿ ಫ್ರೇಮ್ ಹಾಕಿದೆ, ಖರ್ಚು 2200 ಬಂತು, ನಮ್ಮನೆಯವಳು ಇನ್ನೂ ಬೈತಾಳೆ.